ಎಂಟು ನಿಮಿಷದ ಕಲ್ಲು

ದೊಡ್ಡಮಾದಯ್ಯ ಮೂವತ್ತು ವರ್ಷ ಜಲವಿದ್ಯುತ್ ಕೇಂದ್ರದಲ್ಲಿ ಯಂತ್ರಗಳಿಗೆ ಎಣ್ಣೆ ಹಾಕಿ, ನಿವೃತ್ತನಾಗಿ ತಲಕಾಡಿನ ಪಕ್ಕದ ತನ್ನ ಹಳ್ಳಿಗೆ ಬಂದಿದ್ದ. ಕರೆಂಟೆಂದರೆ ತನ್ನ ಪಿತ್ರಾರ್ಜಿತ ಎಂಬಂತೆ ಮಾತಾಡುತ್ತಿದ್ದ. ಹಾಗಾಗಿ ೧೯೯೪ರ ಮಾರ್ಚಿನಲ್ಲಿ ದಿನಾ ಸಂಜೆ ಏಳರಿಂದ ಒಂಬತ್ತರವರೆಗೆ ಊರಿನ ಕರೆಂಟು ತೆಗೆಯತೊಡಗಿದಾಗ ಅವನಿಗೆ ಮುಖಭಂಗವಾಯಿತು.

ಅವನ ಹೆಂಡತಿ ಮಂಚಮ್ಮನ ಕಷ್ಟ ಅದಕ್ಕಿಂತ ದೊಡ್ಡದು. ಸಾಕ್ಷರತಾ ತರಗತಿ ನಡೆಯುತ್ತಿದ್ದದ್ದೇ ಏಳಕ್ಕೆ. ಅವಳೂ ಸೇರಿ ಕೂಲಿಗೆ ಹೋಗುವ ಎಂಟು ಹೆಂಗಸರು. ಕಲಿಸುವವಳು ದೊಡ್ಡಮಾದಯ್ಯನ ತಮ್ಮನ ಮಗಳು ಇಂದ್ರಾಣಿ. ಲಾಟೀನು ಹಚ್ಚೋಣವೆಂದರೆ ಸೀಮೆಎಣ್ಣೆ ಆಗಲೇ ಮುಗಿದಿತ್ತು. ಹಿಂದಿನ ಸಲ ಓದುವ ಪರೀಕ್ಷೆಯಲ್ಲಿ ಫೇಲಾದ ಮಂಚಮ್ಮ ಎರಡು ದಿನ ಸರಿಯಾಗಿ ಉಂಡಿರಲಿಲ್ಲ. ಬರುವ ಭಾನುವಾರದ್ದು ಕೊನೆಯ ಪರೀಕ್ಷೆ. ಆಮೇಲೆ ತರಗತಿಯೇ ಇರುವುದಿಲ್ಲ.

“ಮ್ಯಾಲಿಂದ ನೀರು ಬಿದ್ರೆ ಕರೆಂಟಾಯ್ತದೆ, ಕಲ್ಲು ಬಿದ್ರೆ ಯಾಕಾಗಾಕಿಲ್ಲ? ಒಂದು ಗಂಟೆ ಬೆಳಕು ನಾನ್ ಕೊಡ್ತೀನಿ ಕಣಮ್ಮಿ,” ಎಂದ ದೊಡ್ಡಮಾದಯ್ಯ.

ಮನೆ ಮುಂದಿನ ಬೇವಿನ ಮರಕ್ಕೆ ರಾಟೆ ಕಟ್ಟಿದ. ಹಳೆ ಸೈಕಲ್ಲುಗಳ ಚೈನು, ಚಕ್ರ, ಡೈನಮೊ ಜೋಡಿಸಿ ತುದಿಗೊಂದು ಬಲ್ಬು ಸಿಕ್ಕಿಸಿದ. ಭಾರಕ್ಕೆ ಇನ್ನೂರು ಕೇಜಿಯ ಚಪ್ಪಡಿ. ಲೆಕ್ಕ ಹಾಕುವ ಗೋಜಿಗೆ ಮಾತ್ರ ಹೋಗಲಿಲ್ಲ. ಅವನು ನಂಬಿದ್ದು ಬೆವರನ್ನು. ಎಂಟು ಜನ ಏದುಸಿರು ಬಿಟ್ಟು ಇಪ್ಪತ್ತಡಿ ಎತ್ತಿದ ಕಲ್ಲಿನಲ್ಲಿ ಒಂದು ಗಂಟೆಯ ಬೆಳಕಾದರೂ ಇರದೆ ಹೋದೀತೆ?

ಬುಧವಾರ ಸಂಜೆ ಹೆಂಗಸರೆಲ್ಲ ಸೇರಿ ಹಗ್ಗ ಎಳೆದರು. ಕಲ್ಲು ಮೇಲೇರಿತು, ಮೆಲ್ಲಗೆ ಇಳಿಯತೊಡಗಿತು, ಬಲ್ಬು ಹೊತ್ತಿತು. ಎಲ್ಲರೂ ಕೂಗಿಕೊಂಡರು. ದೊಡ್ಡಮಾದಯ್ಯ ಮೀಸೆ ತೀಡಿದ. ಪುಸ್ತಕ ಬಿಡಿಸಿದ ಮಂಚಮ್ಮ ತಡವರಿಸುತ್ತ ನಾಲ್ಕು ಸಾಲು ಓದಿ ಐದನೆಯದಕ್ಕೆ ಬೆರಳಿಟ್ಟಿದ್ದಳು, ಅಷ್ಟರಲ್ಲಿ ಕಲ್ಲು ನೆಲ ಮುಟ್ಟಿತು.

“ಎಂಟು ನಿಮಿಷ, ದೊಡ್ಡಪ್ಪ,” ಎಂದಳು ಕೈಗಡಿಯಾರ ನೋಡುತ್ತಿದ್ದ ಇಂದ್ರಾಣಿ. “ಒಂದು ಗಂಟೆಗೆ ಎಂಟು ಸಲ ಎತ್ಬೇಕು.”

“ಎತ್ತಿದ್ರಾಯ್ತು,” ಎಂದ ಅವನು, ಎತ್ತುವವನು ತಾನೇ ಎಂಬಂತೆ.

ಮೂರನೆಯ ಸಲಕ್ಕೆ ಹೆಂಗಸರ ಅಂಗೈ ಉರಿ ಹತ್ತಿ ಪುಸ್ತಕ ಹಿಡಿಯಲಾಗಲಿಲ್ಲ. “ಇದ್ಕಿಂತ ನಾಟಿ ಕೆಲ್ಸಾನೇ ವಾಸಿ,” ಎಂದು ಪುಟ್ಟಮಾದಮ್ಮ ಮನೆಗೆ ಹೊರಟಳು. ಉಳಿದವರೂ ಅವಳ ಹಿಂದೆ ಎದ್ದರು.

ಕತ್ತಲಲ್ಲಿ ಗಂಡಹೆಂಡಿರಿಬ್ಬರೇ ಉಳಿದರು.

“ನಿನ್ ಪವರ್ ಔಸಿನ ನೀರ್ನ ಮೋಡ ಎತ್ತಿ ಮಡಗ್ತಿತ್ತು. ಈ ಕಲ್ನ ನಾವೇ ಎತ್ಬೇಕಲ್ಲ,” ಎಂದಳು ಮಂಚಮ್ಮ.

“ಮತ್ತೆ ಬೆಳಕಿಗೇನ್ ಮಾಡ್ತೀಯೆ?”

“ಬೆಳಕು ಐದು ಗಂಟೆಗೆ ಬೇಕಾದಷ್ಟದೆ. ಆವಾಗ ನಾನು ಕೂಲಿಯಿಂದ ಬಂದು ಒಲೆ ಮುಂದೆ ಇರ್ತೀನಿ. ನೀನು ಜಗಲಿ ಮ್ಯಾಲೆ ಕುಂತಿರ್ತೀಯ.”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ದೊಡ್ಡಮಾದಯ್ಯನಿಗೆ ನಾಚಿಕೆಯಾಯಿತು.

ಮಾರನೆಯ ದಿನ ಐದು ಗಂಟೆಗೆ ಮಂಚಮ್ಮ ಜಗಲಿಯ ಬಿಸಿಲಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ಒಳಗೆ ಒಲೆಯ ಮುಂದಿನಿಂದ ದೊಡ್ಡಮಾದಯ್ಯನ ಕೆಮ್ಮು ಕೇಳಿಸಿತು, ಪಾತ್ರೆಯೊಂದು ಬಿದ್ದ ಸದ್ದಾಯಿತು.

“ಅಮ್ಮೀ, ಮುದ್ದೆಗೆ ನೀರೆಷ್ಟು ಉಯ್ಲಿ?”

ಮಂಚಮ್ಮ ತಲೆ ಎತ್ತಲಿಲ್ಲ.

“ತಡಿ, ಈ ಸಾಲು ಮುಗೀಲಿ,” ಎಂದಳು.