ಮೂವತ್ತನಾಲ್ಕನೇ ಫೋನು

ಶಾಲೆ ತೆರೆಯಲು ಇನ್ನು ಎರಡೇ ದಿನ ಉಳಿದಿತ್ತು. ಯಶೋದಾಳ ಪಟ್ಟಿಯಲ್ಲಿ ಮೂವತ್ತನಾಲ್ಕು ಮಕ್ಕಳ ಹೆಸರು. ಮೂವತ್ತೆರಡರ ಮುಂದೆ ಗುರುತು ಬಿದ್ದಿತ್ತು. ಉಳಿದ ಎರಡರಲ್ಲಿ ಒಂದು ಸುಲಭದ್ದು. ಇನ್ನೊಂದನ್ನು ಅವಳು ನಾಲ್ಕು ದಿನದಿಂದ ಕೆಳಕ್ಕೆ ತಳ್ಳುತ್ತಾ ಬಂದಿದ್ದಳು. ಈಗ ತಳ್ಳಲು ಕೆಳಗೆ ಜಾಗವೇ ಇರಲಿಲ್ಲ.

ಇದು ಭ್ರಮರಾಂಬ ಮೇಡಂ ತಂದ ಪದ್ಧತಿ. ಕಲ್ಯಾಣದುರ್ಗದಲ್ಲಿ ಯಶೋದಾ ಕಲಿಸುವ ಖಾಸಗಿ ಶಾಲೆಗೆ ಅವರು ಮುಖ್ಯೋಪಾಧ್ಯಾಯಿನಿಯಾಗಿ ಬಂದದ್ದು ಈ ಬೇಸಿಗೆಯಲ್ಲಿ. "ಶಾಲೆಯಿಂದ ಫೋನು ಅಂದ ಕೂಡಲೇ ತಂದೆತಾಯಿಗಳ ಎದೆ ಹೊಡೆದುಕೊಳ್ಳುತ್ತದೆ. ವರ್ಷದ ಮೊದಲ ಫೋನು ದೂರಿನದಾಗಬಾರದು. ಪ್ರತಿ ಮಗುವಿನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ. ಸುಳ್ಳು ಬೇಡ, ಹುಡುಕಿ ಹೇಳಿ" ಎಂದು ಮೀಟಿಂಗಿನಲ್ಲಿ ಪಟ್ಟಿ ಹಂಚಿದ್ದರು. ಹೆಸರಿನ ಮುಂದೆ ಎರಡು ಖಾನೆ: ಯಾರ ಜೊತೆ ಮಾತಾಡಿದಿರಿ, ಏನು ಹೇಳಿದಿರಿ. ಒಂದು ಖಾಲಿ ಬಿಟ್ಟರೂ ಕರೆಸಿ ಕೇಳುವವರು ಅವರು.

ಯಶೋದಾಗೆ ಆ ಪದ್ಧತಿ ಬಹಳ ಹಿಡಿಸಿತ್ತು, ಮನೆಯಲ್ಲಿ ಹೇಳುವ ತನಕ.

"ಮೂವತ್ನಾಕು ಗಂಡಸ್ರಿಗೆ ಫೋನಾ?" ಎಂದಿದ್ದರು ಅತ್ತೆ ಆದಿಲಕ್ಷ್ಮಿ.

"ಗಂಡಸ್ರಿಗಲ್ಲ ಅತ್ತೆ, ಮಕ್ಕಳ ಮನೆಗೆ."

"ನಂಬರು ಯಾರ್ದಮ್ಮ?"

ರಿಜಿಸ್ಟರಿನಲ್ಲಿದ್ದ ನಂಬರುಗಳೆಲ್ಲ ತಂದೆಯರವೇ.

ಗಂಡ ಆನಂದಕುಮಾರನಿಗೆ ಬಜಾರಿನಲ್ಲಿ ಸೀರೆ ಅಂಗಡಿ. ಅವನು ಯಾವತ್ತೂ ದನಿ ಎತ್ತಿದವನಲ್ಲ. "ನಾನೇನ್ ಬ್ಯಾಡ ಅಂದ್ನಾ? ಮಾಡು. ನಾನು ಊಟಕ್ಕೆ ಬಂದಾಗ ಇಲ್ಲೇ ಹಾಲ್ನಾಗೆ ಕುಂತ್ಕಂಡು ಮಾಡು, ಸ್ಪೀಕರ್ ಹಾಕು. ಅಷ್ಟೇ."

ಸ್ಪೀಕರ್ ಶುರುವಾದದ್ದು ಹೋದ ವರ್ಷ. ಆಗ ಯಶೋದಾ ಐದನೇ ತರಗತಿಯ ಮಿಸ್ಸು. ಈಗ ಅದೇ ಮಕ್ಕಳ ಜೊತೆ ಆರಕ್ಕೆ ಬಂದಿದ್ದಾಳೆ. ಆಗಸ್ಟಿನಲ್ಲಿ ಒಂದು ದಿನ ಬಸ್ಸಿನ ಹೊತ್ತು ತಿಳಿಸಲು ಸೆಟ್ಟೂರಿನ ಕೀರ್ತನಾಳ ತಂದೆ ಓಬುಳೇಶನಿಗೆ ಫೋನು ಮಾಡಿದ್ದಳು. ಮಾತಿನ ಕೊನೆಗೆ, ನಿಮ್ಮ ಹುಡುಗಿ ಚೆನ್ನಾಗಿ ಓದುತ್ತಾಳೆ ಎಂದಿದ್ದಳು. ಮಾರನೆಯ ಬೆಳಿಗ್ಗೆ ಆ ನಂಬರಿನಿಂದ ವಾಟ್ಸಾಪಿನಲ್ಲಿ ಒಂದು ಗುಲಾಬಿ ಬಂತು. ಅದರ ಮರುದಿನ ತಾವರೆ. ಆಮೇಲೆ ದಿನಕ್ಕೊಂದು ಹೂವು, ಮಾತಿಲ್ಲ, ಬರಹವಿಲ್ಲ. ಹನ್ನೊಂದನೇ ದಿನ ಆನಂದಕುಮಾರ ನೋಡಿದ. ಬೈಯಲಿಲ್ಲ. ಆ ನಂಬರನ್ನು ತಾನೇ ಬ್ಲಾಕ್ ಮಾಡಿ ಫೋನನ್ನು ಅವಳ ಕೈಗಿಟ್ಟ. "ಇನ್ನೊಂದ್ ಸಲ ಇಂಥದ್ದಾದ್ರೆ ಕೆಲ್ಸ ಬಿಟ್ಬುಡು. ನಿನ್ ಒಳ್ಳೇದಕ್ಕೇ ಹೇಳ್ತಿರೋದು" ಎಂದ. ಅಂದಿನಿಂದ ಅವಳ ಫೋನುಗಳೆಲ್ಲ ಸ್ಪೀಕರಿನಲ್ಲೇ.

ಹಿಂದೂಪುರದ ತವರಿಗೆ ಇದನ್ನು ಹೇಳಿಕೊಂಡಾಗ ಅಪ್ಪ ಶ್ರೀರಾಮುಲು, "ಬಂಗಾರದಂಥಾ ಹುಡ್ಗ ಕಣಮ್ಮ. ಕೆಲ್ಸ ಬ್ಯಾಡ ಅಂದಿಲ್ವಲ್ಲ" ಎಂದರು. ಅವರ ಹಿಂದೆ ಪವರ್‌ಲೂಮು ಲಟಕ್ ಲಟಕ್ ಎನ್ನುತ್ತಿತ್ತು. ಆ ಮನೆಯಲ್ಲಿ ಅಕ್ಕತಂಗಿಯರು ಮಗ್ಗದ ಸದ್ದಿನ ನಡುವೆ ಏನು ಬೇಕಾದರೂ ಮಾತಾಡಿಕೊಳ್ಳುತ್ತಿದ್ದರು, ಯಾರಿಗೂ ಕೇಳಿಸುತ್ತಿರಲಿಲ್ಲ. ಈ ಮನೆಯಲ್ಲಿ ಗಡಿಯಾರದ ಮುಳ್ಳಿನ ಸದ್ದು ಸಹ ಕೇಳಿಸುತ್ತದೆ. ಅಪ್ಪನ ಆ ಮಾತೂ ಸ್ಪೀಕರಿನಲ್ಲೇ ಬಂದಿತ್ತು.

ಈಗ ಪಟ್ಟಿಯ ಕೊನೆಯ ಹೆಸರು ಕೀರ್ತನಾ. ಫೋನು ಮಾಡದಿದ್ದರೆ ಭ್ರಮರಾಂಬ ಮೇಡಂ ಯಾಕೆಂದು ಕೇಳುತ್ತಾರೆ. ಮಾಡಿದಾಗ ಓಬುಳೇಶ ಗಂಡನ ಎದುರು ಏನಾದರೂ ಅಂದರೆ ಕೆಲಸ ಹೋಗುತ್ತದೆ. ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು ಯಶೋದಾ ಆ ನಂಬರಿನ ಬ್ಲಾಕ್ ತೆಗೆದಿದ್ದಳು.

ಮೊದಲು ಬ್ರಹ್ಮಸಮುದ್ರದ ಬೋರಪ್ಪನಿಗೆ ಮಾಡಿದಳು. ಆನಂದಕುಮಾರ ಊಟಕ್ಕೆ ಕೂತಿದ್ದ. ಅತ್ತೆ ಮೊರದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು.

"ಬೋರಪ್ಪಣ್ಣ, ಚೌಡೇಶನ ಮಿಸ್ಸು ಮಾತಾಡ್ತಿರೋದು." ಎಲ್ಲ ತಂದೆಯರ ಹೆಸರಿಗೂ ಅಣ್ಣ ಸೇರಿಸುವುದು ಅವಳಿಗೆ ರೂಢಿಯಾಗಿಹೋಗಿತ್ತು.

"ಏನ್ ಮಾಡ್ಬುಟ್ಟ ಮೇಡಂ? ಇನ್ನೂ ಸ್ಕೂಲೇ ತೆಗ್ದಿಲ್ವಲ್ಲ!"

"ಏನೂ ಮಾಡಿಲ್ಲಣ್ಣ. ಕೆಳಗೆ ಬಿದ್ದ ಚಿಕ್ಕ ಮಕ್ಕಳನ್ನ ಎತ್ತಿ ಕೂರಿಸೋದು ಯಾವಾಗ್ಲೂ ಅವನೇ. ಅದನ್ನ ಹೇಳೋಣ ಅಂತ ಮಾಡಿದೆ."

"ಮೇಡಂ, ನಿಮ್ ಕ್ಲಾಸ್ನಾಗೆ ಬ್ಯಾರೆ ಚೌಡೇಶ ಯಾವನಾದ್ರೂ ಅವ್ನಾ ನೋಡ್ರಮ್ಮ."

ಆದಿಲಕ್ಷ್ಮಿ ಕಿಸಕ್ಕನೆ ನಕ್ಕರು. ಆನಂದಕುಮಾರನೂ ನಕ್ಕ. ಯಶೋದಾ ಗುರುತು ಹಾಕಿದಳು.

ಕೀರ್ತನಾಳ ಹೆಸರಿನ ಮುಂದೆ ಏನು ಹೇಳಬೇಕೆಂದು ಅವಳು ಬರೆದುಕೊಂಡಿರಲಿಲ್ಲ. ಆ ಹೂವುಗಳಾದ ಮೇಲೆ ಅವಳು ಹುಡುಗಿಯ ಮುಖ ನೋಡುವುದನ್ನೇ ಬಿಟ್ಟಿದ್ದಳು. ಪಾಠ ಓದಿಸಲು ಕರೆಯಲಿಲ್ಲ. ಆ ಮನೆಯ ಜೊತೆ ಯಾವ ಎಳೆಯೂ ಬೇಡ ಎನಿಸಿತ್ತು. ಹುಡುಗಿ ಮೊದಮೊದಲು ಕೈ ಎತ್ತುತ್ತಿದ್ದಳು, ಆಮೇಲೆ ಎತ್ತಲಿಲ್ಲ. ಆದರೂ ಸಂಜೆ ಗಂಟೆ ಹೊಡೆದ ಮೇಲೆ ಹಿಂದೆ ಉಳಿದು ಬೋರ್ಡು ಒರೆಸಿ ಹೋಗುತ್ತಿದ್ದಳು. ಅದನ್ನು ಯಶೋದಾ ನೋಡಿದ್ದಳು, ನೋಡಿಯೂ ಏನೂ ಅಂದಿರಲಿಲ್ಲ.

ನಂಬರು ಒತ್ತಿದಳು. ನಾಲ್ಕು ರಿಂಗಾಯಿತು.

"ಅಲೋ? ಎವುರು?" ಹೆಂಗಸಿನ ದನಿಯೊಂದು ಯಾರೆಂದು ತೆಲುಗಿನಲ್ಲಿ ಕೇಳಿತು.

"ಕೀರ್ತನಾ ಮನೇನಾ? ಓಬುಳೇಶಣ್ಣ ಇದಾರಾ?"

"ಅವ್ರಿಲ್ಲ ಕಣಮ್ಮ. ಕೊಡಿಕೊಂಡದ ತಾವ ಡಾಬಾದಾಗೆ ಕೆಲ್ಸಕ್ಕೆ ಅವ್ರೆ, ಎಲ್ಡ್ ವರ್ಸಾಯ್ತು. ಈ ಫೋನು ನನ್ ತಾವೇ ಇರೋದು. ನಾನು ಅವ್ಳ ತಾಯಿ ಬೀರಕ್ಕ. ನೀವ್ಯಾರು?"

"ಯಶೋದಾ ಮಿಸ್ಸು."

"ಮಿಸ್ಸಾ!" ದನಿ ಒಮ್ಮೆಲೇ ಏರಿತು. "ಕ್ವಾಪ ಹೋಯ್ತಾ ಮಿಸ್ಸೂ?"

"ನಂಗೇನ್ ಕೋಪ?"

"ಇಲ್ಲ, ಹೂವ ಕಳಿಸ್ತಿದ್ನಲ್ಲ ದಿನಾ, ಒಂದಿನ ನಿಂತೋಯ್ತು. ನೀವ್ ಫೋನ್ ಮಾಡ್ದಾಗ ಅವ್ರು ಹಬ್ಬಕ್ಕೆ ಬಂದಿದ್ರು, ಸ್ಪೀಕರ್ ಹಾಕಿದ್ರು, ನಾನೂ ಕೇಳುಸ್ಕಂಡೆ. ಮಗು ಚೆಂದಾಗಿ ಓದ್ತಾಳೆ ಅಂದ್ರಿ. ನಮ್ಮನೇಗೆ ಅಂಥಾ ಮಾತು ಯಾರೂ ಅಂದಿರ್ಲಿಲ್ಲ. ನಂಗೆ ಬರೆಯಕ್ ಬರಲ್ವಾ, ಎದುರ್ ಮನೆ ಮುನಿಯಕ್ಕನ ಮೊಮ್ಮಗ್ಳು ಹೂವ ಕಳಿಸೋದು ತೋರ್ಸಿದ್ಲು. ಒಲೆ ಹಚ್ಚಕ್ ಮುಂಚೆ ನಿಮ್ಗೊಂದ್ ಹೂವ ಕಳಿಸ್ಬುಡ್ತಿದ್ದೆ."

ಆನಂದಕುಮಾರನ ಕೈ ಅನ್ನದಲ್ಲೇ ನಿಂತಿತು.

"ಅಯ್ಯೋ, ಹೆಂಗ್ಸು!" ಎಂದು ಆದಿಲಕ್ಷ್ಮಿ ಬಾಯಿಗೆ ಸೆರಗು ಹಿಡಿದರು.

ಹತ್ತು ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಈಗ ಇಳಿಯುತ್ತದೆ ಎಂದುಕೊಂಡು ಯಶೋದಾ ಗಂಡನ ಕಡೆ ನೋಡಿದಳು. ಅವನ ಮುಖ ಬೆಳಗಿತ್ತು. ಅವಳಿಗಷ್ಟೇ ಕೇಳುವಂತೆ ಹೇಳಿದ: "ನೋಡ್ದಾ? ಸ್ಪೀಕರ್ ಹಾಕಿದ್ದಕ್ಕೇ ಗೊತ್ತಾಗಿದ್ದು. ಇನ್ಮೇಲೂ ಹಿಂಗೇ ಇರ್ಲಿ."

ಕಲ್ಲು ಇದ್ದಲ್ಲೇ ಇತ್ತು.

"ಬೀರಕ್ಕ," ಎಂದಳು ಯಶೋದಾ, "ತಪ್ಪು ನಂದು, ನಿಮ್ದಲ್ಲ. ಕೀರ್ತನಾ ದಿನಾ ಸಂಜೆ ಯಾರೂ ಹೇಳದೇನೇ ಬೋರ್ಡು ಒರೆಸಿ ಹೋಗ್ತಿದ್ಲು. ನಾನು ನೋಡಿದೀನಿ. ಅವ್ಳಿಗೆ ಹೇಳಿ, ಮಿಸ್ಸು ನೋಡಿದಾರೆ ಅಂತ."

"ಹೇಳ್ತೀನಿ." ಮೂಗು ಸೀಟಿದ ಸದ್ದು. ಆಮೇಲೆ ದನಿ ತಗ್ಗಿತು. "ಮಿಸ್ಸೂ, ಪಕ್ಕದಾಗೆ ಯಾರೋ ಅವ್ರೇನೋ ಅನ್ನಂಗೈತೆ. ಮಗು ವಿಸ್ಯ ಒಂದೈತೆ, ಹೆಂಗಸ್ರ ತಾವ ಹೇಳೋದು. ನೀವ್ ಒಬ್ರೇ ಇದ್ದಾಗ ಮಾಡ್ತೀರಾ?"

ಒಬ್ಬಳೇ ಇರುವ ಹೊತ್ತು ಯಾವುದೆಂದು ಯಶೋದಾ ಹುಡುಕಿದಳು. ಬಚ್ಚಲು ಬಿಟ್ಟರೆ ಬೇರೆ ನೆನಪಾಗಲಿಲ್ಲ. "ಶಾಲೆಗೆ ಬರಕ್ಕಾಗುತ್ತಾ?"

"ಕೂಲಿ ಬಿಟ್ಟು ಎಲ್ಲಿ ಬರ್ಲಿ? ಸೋಮಾರಕ್ಕೆ ಮಗು ಸ್ಕೂಲಿಗೆ ಬಂದ್ಬುಡುತ್ತೆ, ಅಷ್ಟ್ರೊಳ್ಗೆ ಹೇಳ್ಬೇಕು."

ಕೇಳು, ಪರವಾಗಿಲ್ಲ, ಎನ್ನುವಂತೆ ಆನಂದಕುಮಾರ ಎಡಗೈ ಆಡಿಸಿದ.

ಯಶೋದಾ ಸ್ಪೀಕರ್ ನಿಲ್ಲಿಸಿ ಫೋನನ್ನು ಕಿವಿಗೆ ಇಟ್ಟುಕೊಂಡಳು. "ಈಗ ಹೇಳಿ" ಎಂದಳು.

ಹಾಲಿನಲ್ಲಿ ಗಡಿಯಾರ ಮಾತ್ರ ಕೇಳುತ್ತಿತ್ತು. ಅವಳ ಕಿವಿಯಲ್ಲಿ ಬೀರಕ್ಕ ಉಸಿರು ಬಿಗಿಹಿಡಿದು ಹೇಳುತ್ತಿದ್ದಳು: ಮಗು ಹೋದ ವಾರ ದೊಡ್ಡವಳಾಗಿದ್ದಾಳೆ. ಯಾರಿಗೂ ಹೇಳಿಲ್ಲ. ತನ್ನ ಅತ್ತೆ ಮುತ್ಯಾಲಮ್ಮನಿಗೆ ಗೊತ್ತಾದರೆ ಓದು ಸಾಕೆಂದು ಮನೆಯಲ್ಲಿ ಕೂರಿಸುತ್ತಾಳೆ. ಶಾಲೆಯಲ್ಲಿ ಹೊಟ್ಟೆನೋವು ಬಂದರೆ ನೀವು ನೋಡಿಕೊಳ್ಳಿ. ಇನ್ನೊಬ್ಬರ ಕಿವಿಗೆ ಬೀಳುವುದು ಬೇಡ.

"ನೋಡ್ಕತೀನಿ. ಯಾರ್ಗೂ ಹೇಳಲ್ಲ" ಎಂದು ಯಶೋದಾ ಫೋನು ಇಟ್ಟಳು.

ಆನಂದಕುಮಾರ ಕೈ ತೊಳೆದು ಬಂದ. "ಏನಂತೆ?"

"ಮಗು ವಿಷಯ."

"ಅದೇ, ಏನು?"

ಸೆಟ್ಟೂರಿನವರು ಹಬ್ಬದ ಸೀರೆಗೆ ಬರುವುದು ಅವನ ಅಂಗಡಿಗೇ. ಅಂಗಡಿಯಲ್ಲಿ ಸೀರೆ ಬಿಚ್ಚುವಾಗ ಮಾತೂ ಬಿಚ್ಚಿಕೊಳ್ಳುತ್ತದೆ. ಯಶೋದಾ ಒಂದೊಂದೇ ಪದ ಆರಿಸಿಕೊಂಡಳು. "ನನ್ನ ನಂಬಿ ಹೇಳಿದಾರೆ, ರೀ."

"ನನ್ ತಾವ ಹೇಳಕ್ಕಾಗದಂಥಾದ್ದಾ?"

"ನಿಮ್ ತಾವ ಅಂತಲ್ಲ. ಯಾರ ತಾವ್ಲೂ."

ಅವನು ಮುಗುಳ್ನಕ್ಕ. ಫೋನು ತೆಗೆದುಕೊಂಡು ಎಷ್ಟು ಹೊತ್ತು ಮಾತಾಡಿದ್ದಾಳೆಂದು ನೋಡಿ ಮೇಜಿನ ಮೇಲಿಟ್ಟ. "ರಾತ್ರಿ ತನಕ ಯೋಚ್ನೆ ಮಾಡು. ಸೋಮವಾರ ಕೆಲ್ಸಕ್ಕೆ ಹೋಗ್ಬೇಕಾದೋಳು ನೀನು, ನಾನಲ್ಲ" ಎಂದ. ಬೈಕಿನ ಸದ್ದು ಬೀದಿ ದಾಟಿ ಹೋಯಿತು.

ಯಶೋದಾ ಪಟ್ಟಿ ತೆರೆದಳು. ಯಾರ ಜೊತೆ: ಬೀರಕ್ಕ, ತಾಯಿ. ಆ ಖಾನೆಯಲ್ಲಿ ಇದೊಂದೇ ಹೆಣ್ಣು ಹೆಸರು. ಏನು ಹೇಳಿದಿರಿ: ಯಾರೂ ಹೇಳದೆ ಬೋರ್ಡು ಒರೆಸುತ್ತಾಳೆ. ಅಕ್ಷರ ನೆಟ್ಟಗೆ ಬಂತು.

"ಹುಡ್ಗಿ ದೊಡ್ಡೋಳಾದ್ಲಾ?" ಆದಿಲಕ್ಷ್ಮಿ ಮೊರದಿಂದ ಕಣ್ಣೆತ್ತದೆ ಕೇಳಿದರು.

ಯಶೋದಾ ಪಟ್ಟಿ ಮಡಚಿಟ್ಟಳು.

"ನಾನೇನೂ ಕೇಳ್ಲಿಲ್ಲ ಬುಡು" ಎಂದು ಅತ್ತೆ ಒಂದು ಹಿಡಿ ಕಡಲೆಕಾಯಿ ಅವಳ ಕಡೆ ಸರಿಸಿದರು. ರಾತ್ರಿ ಮಗ ಕೇಳಿದರೆ ಏನನ್ನುತ್ತಾರೋ, ಅವರ ಮುಖ ಹೇಳಲಿಲ್ಲ.

ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷವಿತ್ತು. ಅಂಗಡಿ ಮುಚ್ಚುವುದು ಎಂಟೂವರೆಗೆ. ಯಶೋದಾ ನೆಲದ ಮೇಲೆ ಕೂತು ಸುಲಿಯತೊಡಗಿದಳು.