ಗಾಳಿ ಹೋಗುವ ತನಕ

ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಸೋಂಕು ಹರಡಿದ್ದರಿಂದ ಅಪ್ಪನಿಗೆ ಆಪರೇಷನ್ ಆಗಿತ್ತು. ಅಪಾಯ ಕಳೆದಿತ್ತು, ಜ್ವರವೂ ಇಳಿದಿತ್ತು. ಆದರೂ ಮೂರು ದಿನದಿಂದ ಬಾಯಿಗೆ ತೊಟ್ಟು ನೀರಿಲ್ಲ. ಕರುಳು ಮತ್ತೆ ಕೆಲಸ ಶುರು ಮಾಡಿದೆ ಎನ್ನುವುದಕ್ಕೆ ಡಾಕ್ಟರಿಗೆ ಒಂದು ಗುರುತು ಬೇಕಿತ್ತು.

ದಿನಾ ಬೆಳಿಗ್ಗೆ ಅವರು ಕೇಳುತ್ತಿದ್ದುದು ಅದೊಂದನ್ನೇ: "ಮೇಷ್ಟ್ರೇ, ಗಾಳಿ ಹೋಯ್ತಾ?"

ಮೂವತ್ತೈದು ವರ್ಷ ಪಾಠ ಹೇಳಿದ ಅಪ್ಪನಿಗೆ ಎಂಟು ಮಂಚದ ವಾರ್ಡಿನಲ್ಲಿ ಆ ಪ್ರಶ್ನೆ ಕೇಳಿಸಿಕೊಳ್ಳುವುದೇ ಜೀವ ಹೋದ ಹಾಗೆ. ಮುಖ ಗಂಟಿಕ್ಕಿಕೊಂಡು ಗೋಡೆ ಕಡೆ ತಿರುಗುತ್ತಿದ್ದರು. ಬೇಕೆಂದೇ ತಡೆದುಕೊಂಡಿದ್ದಾರೆಂದು ನನಗೆ ಗುಮಾನಿ.

"ಮರ್ಯಾದೆಯಿಂದ ಹೊಟ್ಟೆ ತುಂಬುತ್ತೇನಪ್ಪಾ?" ಎಂದು ರೇಗಿದೆ.

"ನಾಲ್ಕು ಜನರ ಮುಂದೆ ನನ್ ಕೈಲಾಗಲ್ಲಮ್ಮ."

ನಾಲ್ಕನೇ ದಿನ ಡಾಕ್ಟರು ಸ್ಟೆತಸ್ಕೋಪು ಹಿಡಿದು ಹೊಟ್ಟೆಯ ಮೇಲೆ ಬಗ್ಗಿದ್ದೇ ತಡ, ಬಂತು. ಅದೆಂಥ ಸದ್ದು! ಮೂಲೆ ಮಂಚದ ತಾತ ನಿದ್ದೆಯಿಂದ ಎದ್ದು ಕೂತರು. ವಾರ್ಡಿಗೆ ವಾರ್ಡೇ ಚಪ್ಪಾಳೆ ತಟ್ಟಿತು. ನರ್ಸು ಆಗಲೇ ನೀರಿನ ಲೋಟ ಹಿಡಿದು ಓಡಿಬಂದಳು.

ಅಪ್ಪ ಹೊದಿಕೆಯನ್ನು ಮೂಗಿನ ತನಕ ಎಳೆದುಕೊಂಡರು. "ಕ್ಷಮಿಸಿ ಡಾಕ್ಟ್ರೇ."

"ಪರವಾಗಿಲ್ಲ ಮೇಷ್ಟ್ರೇ. ಐದನೇ ಕ್ಲಾಸಲ್ಲಿ ಇದೇ ತಪ್ಪಿಗೆ ನನ್ನನ್ನ ಇಡೀ ದಿನ ಬಾಗಿಲಾಚೆ ನಿಲ್ಲಿಸಿದ್ರಿ. ನಾನು ನೋಡಿ, ನೀರು ಕೊಡಿಸ್ತಾ ಇದೀನಿ."

ಅಪ್ಪ ಕಣ್ಣು ಕಿರಿದು ಮಾಡಿ ಡಾಕ್ಟರ ಮುಖವನ್ನೇ ನೋಡಿದರು. ಗುರುತು ಸಿಕ್ಕಿತು.

"ಅಯ್ಯೋ, ನೀನೇನೋ ಅದು! ನಗಿಸ್ಬೇಡ ಕಣೋ, ಹೊಲಿಗೆ ಬಿಚ್ಕೊಳ್ಳುತ್ತೆ!" ಎಂದು ಹೊಟ್ಟೆ ಹಿಡಿದುಕೊಂಡು ನಗುವಾಗ ಇನ್ನೊಂದು ಹೋಯಿತು.

ಈ ಸಲ ಅವರು ಕ್ಷಮೆ ಕೇಳಲಿಲ್ಲ.