ಅತಿಥಿ ಮೊಳೆಯ ಚಿಕ್ಕ ಟವೆಲ್

ಹುಡುಗನ ಜಾತಕ ಬಚ್ಚಲುಮನೆಯಲ್ಲಿ ಸಿಗುತ್ತದೆ ಎಂಬುದು ನಮ್ಮಮ್ಮ ಫಿಲೊಮೆನಾಳ ಸಿದ್ಧಾಂತ. ಕಮೋಡಿನ ಪಕ್ಕದಲ್ಲಿ ಬಿಡೇ ಎಂಬ ಗಿಡ್ಡ ತೊಟ್ಟಿ ಇಲ್ಲದ ಮನೆಯನ್ನು ನಮ್ಮ ನೇಪಲ್ಸ್‌ನಲ್ಲಿ ನಾನಂತೂ ಕಂಡಿಲ್ಲ. ಕೆಲಸ ಮುಗಿಸಿ, ಆ ಗಿಡ್ಡ ತೊಟ್ಟಿಯ ಮೇಲೆ ನಲ್ಲಿಗೆ ಮುಖ ಮಾಡಿ ಕೂತು, ಬೆಚ್ಚನೆಯ ನೀರು, ಸೋಪು ಹಾಕಿ ತೊಳೆದು, ಚಿಕ್ಕ ಟವೆಲ್ಲಿನಲ್ಲಿ ಒರೆಸಿಕೊಂಡರೇ ಮನುಷ್ಯ ಶುದ್ಧ. ಬರೀ ಕಾಗದದಲ್ಲಿ ಮುಗಿಸಿ ಎದ್ದು ಬರುವವರೂ ಲೋಕದಲ್ಲಿದ್ದಾರೆ ಎಂದರೆ ಅಮ್ಮ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತಾಳೆ.

ಆ ಟವೆಲ್ಲಿಗೆ ಮನೆಯವರಿಗೆಲ್ಲ ಒಂದೊಂದು ಮೊಳೆ. ಅಪ್ಪ ತೀರಿಹೋದಾಗಿನಿಂದ ಅವನ ಮೊಳೆ ಖಾಲಿ. ಅಲ್ಲಿ ಯಾರಾದರೂ ಏನಾದರೂ ನೇತುಹಾಕಿದರೆ ಅಮ್ಮ ಕೈಗೆ ಸಿಕ್ಕಿದ್ದರಲ್ಲಿ ಬಾರಿಸುತ್ತಾಳೆ. ಕೊನೆಯದು ಅತಿಥಿಯ ಮೊಳೆ. ಮದುವೆ ಮಾತಿಗೆ ಬಂದ ಹುಡುಗ ಬಚ್ಚಲಿಗೆ ಹೋಗಿಬಂದ ಮೇಲೆ ಅಮ್ಮ ಹೋಗಿ ಆ ಟವೆಲ್ ಹಿಂಡಿ ನೋಡುತ್ತಾಳೆ. ಒಣಗಿದ್ದರೆ ಸಂಬಂಧ ಮುರಿಯಿತು. ನನ್ನ ತಂಗಿ ರೊಸಾರಿಯಾಳ ಮಗಳು ಮಿರೆಲ್ಲಾಗೆ ಬಂದಿದ್ದ ಮಿಲಾನಿನ ಡಾಕ್ಟರು ಕೈತಪ್ಪಿದ್ದು ಹೀಗೇ.

ಅಂಥ ಮನೆಗೆ ಈ ಹುಡುಗಿ ಭಾನುವಾರದ ಊಟಕ್ಕೆ ಕರೆತಂದದ್ದು ಯಾರನ್ನು? ಸ್ಕಾಟ್ಲೆಂಡಿನ ಫರ್ಗಸ್‌ನನ್ನು!

"ಬಿಡೇ ವಿಷಯ ಹೇಳಿದೀಯೇನೇ?" ಅಡುಗೆಮನೆಯಲ್ಲಿ ಪಿಸುಗುಟ್ಟಿದೆ.

"ಅಯ್ಯೋ, ನಾಚ್ಕೆ ದೊಡ್ಡಮ್ಮ! ಪ್ರೀತ್ಸೋ ಹುಡುಗನ ಹತ್ರ ಅದನ್ನೆಲ್ಲ ಹೆಂಗ್ ಹೇಳ್ಲಿ?"

ಫರ್ಗಸ್ ಅಮ್ಮನ ಬದನೆಕಾಯಿಯನ್ನು ಮತ್ತೆ ಮತ್ತೆ ಬಡಿಸಿಕೊಂಡು ತಿಂದ. ಆಮೇಲೆ ಬಚ್ಚಲೆಲ್ಲಿ ಎಂದು ಕೇಳಿದ. ಹೋದಷ್ಟೇ ಬೇಗ ಬಂದ, ಒದ್ದೆ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ. ಟವೆಲ್ ಮುಟ್ಟಿಲ್ಲ ಎಂದಾಯಿತು.

ಕೈ ಜಿಡ್ಡಾಯಿತೆಂದು ನೆಪ ಹೇಳಿ ಒಳಗೆ ಓಡಿದೆ. ಮುಟ್ಟಿ ನೋಡುವ ವ್ಯವಧಾನ ಯಾರಿಗಿತ್ತು? ಟವೆಲ್ಲನ್ನು ನಲ್ಲಿಗೆ ಹಿಡಿದು, ನೇತುಹಾಕಿ ಬಂದೆ. ನಾನು ಕೂರುವಷ್ಟರಲ್ಲಿ ರೊಸಾರಿಯಾ ಕಣ್ಣಿಗೇನೋ ಬಿತ್ತೆಂದು ಎದ್ದಳು. ಅವಳು ಬಂದಳು, ಮಿರೆಲ್ಲಾ ಹೋದಳು. ಕೊನೆಗೆ ಅಮ್ಮ ಎದ್ದಳು.

ಅಮ್ಮ ಟವೆಲ್ಲನ್ನು ಎರಡು ಬೆರಳಲ್ಲಿ ಹಿಡಿದು ಬಂದಳು. ಧಾರೆ ಸುರಿದು ಅವಳ ಚಪ್ಪಲಿ ತೋಯ್ದಿತ್ತು.

"ಏನಪ್ಪಾ, ನೀನ್ ತೊಳ್ಕೊಂಡ್ಯೋ, ಎಮ್ಮೆ ಮೈ ತೊಳೆದ್ಯೋ?"

ಫರ್ಗಸ್ ಪುಸ್ತಕ ಓದಿ ನಮ್ಮ ಭಾಷೆ ಕಲಿತವನು. ಕೆಂಪಗಾಗಿ ಎದ್ದು ನಿಂತ. "ಕ್ಷಮಿಸಿರಿ, ಅಜ್ಜಿಯವರೇ. ನಾನು ಅದನ್ನು ಮುಟ್ಟಲೇ ಇಲ್ಲ. ಆ ಗಿಡ್ಡ ತೊಟ್ಟಿಯು ಕಾಲು ತೊಳೆಯಲೆಂದು ತಿಳಿದೆನು."

ಮುಗಿಯಿತು ಕಥೆ! ಮಿರೆಲ್ಲಾ ಮುಖ ಮುಚ್ಚಿಕೊಂಡಳು. "ಒದ್ದೆ ಮಾಡಿದ್ದು ನಾನಜ್ಜಿ."

"ಇಲ್ಲಮ್ಮ, ನಾನು," ಎಂದಳು ರೊಸಾರಿಯಾ.

"ಸುಮ್ನಿರ್ರೇ ಇಬ್ರೂ! ಮೊದಲು ಹೋದೋಳು ನಾನು," ಎಂದೆ.

ಅಮ್ಮ ನಮ್ಮನ್ನು ಒಬ್ಬೊಬ್ಬರಾಗಿ ನೋಡಿದಳು. "ಪೆದ್ದ್ ಮುಂಡೇವಾ! ಇವನು ಮನೆಗೆ ಬರೋಕ್ ಮುಂಚೇನೇ ನಾನೇ ಒದ್ದೆ ಮಾಡಿಟ್ಟಿದ್ದೆ."

ನಾವು ಮೂವರೂ ಒಮ್ಮೆ ಟವೆಲ್ಲನ್ನು, ಒಮ್ಮೆ ಅವಳನ್ನು ನೋಡಿದೆವು.

"ಏನ್ ಹಂಗ್ ನೋಡ್ತೀರಾ? ಇವನ ಹೆಸರೆತ್ತಿದ್ರೆ ಸಾಕು, ನನ್ನ ಮೊಮ್ಮಗಳು ಮೈಯೆಲ್ಲ ನಗ್ತಾಳೆ. ಗೇಣುದ್ದ ಬಟ್ಟೆಗೋಸ್ಕರ ಆ ನಗು ಕಳ್ಕೊಳ್ಳೋಕೆ ನನಗೇನ್ ತಲೆ ಕೆಟ್ಟಿದ್ಯಾ?"

ರೊಸಾರಿಯಾ ಕಿಸಕ್ಕೆಂದಳು. ಆಮೇಲೆ ನಮ್ಮನ್ನು ಹಿಡಿಯುವವರಿರಲಿಲ್ಲ. ನಾನಂತೂ ಮೇಜಿಗೆ ತಲೆಯಿಟ್ಟು ನಕ್ಕೆ. ಅಮ್ಮ ಮಾತ್ರ ಫರ್ಗಸ್‌ನ ತೋಳು ಹಿಡಿದು ದರದರ ಎಳೆದಳು.

"ಬಾರೋ, ಕಲಿಸ್ತೀನಿ!"

ಬಾಗಿಲ ಹಿಂದಿನಿಂದ ಪಾಠ ಕೇಳಿಸಿತು. "ನಲ್ಲಿ ಕಡೆ ಮುಖ ಮಾಡೋ! ಅಯ್ಯೋ, ಪ್ಯಾಂಟ್ ಬಿಚ್ಬೇಡ್ವೋ, ಇದು ಬರೀ ಪಾಠ! ಅದಲ್ಲ, ಅದು ತಣ್ಣೀರು..."

ಕಿಟಾರನೆ ಚೀರಿದ್ದು ಯಾರೋ ತಿಳಿಯಲಿಲ್ಲ. ಇಬ್ಬರೂ ತೊಯ್ದು ತೊಪ್ಪೆಯಾಗಿ ಹೊರಬಂದರು, ಒಬ್ಬರ ಹೆಗಲು ಒಬ್ಬರು ಹಿಡಿದು ನಗುತ್ತ.

ನೆಲ ಒರೆಸಲು ನಾನು ಒಳಗೆ ಹೋದೆ. ಅತಿಥಿಯ ಮೊಳೆ ಬರಿದಾಗಿತ್ತು. ಫರ್ಗಸ್‌ನ ಟವೆಲ್ ಅಪ್ಪನ ಮೊಳೆಯಲ್ಲಿ ತೊಟ್ಟಿಕ್ಕುತ್ತಿತ್ತು.